ಬಿಟ್ಟ ಸ್ಥಳ ತುಂಬುವ ಯಂತ್ರಗಳು

‘ಬಿಟ್ಟ ಸ್ಥಳ ತುಂಬಿ’ ಎಂಬ ಪ್ರಶ್ನೆಯನ್ನು ಬಿಡಿಸದೆ ಶಾಲೆ ದಾಟಿದವರಿಲ್ಲ. ವಿದ್ಯಾರ್ಥಿಯ ಅಂಕಪಟ್ಟಿ, ಮನೆಗೆ ಬರುವ ವಿದ್ಯುತ್ ಬಿಲ್ಲು, ಬ್ಯಾಂಕಿನ ನೋಟೀಸು, ವಿಚಾರಸಂಕಿರಣದ ಪ್ರಮಾಣಪತ್ರ, ಇವೆಲ್ಲವೂ ಅದೇ ಪ್ರಶ್ನೆಗೆ ಗಣಕವು ಬರೆದ ಉತ್ತರಗಳು. ಎಲ್ಲರಿಗೂ ಸಮಾನವಾದ ಬರವಣಿಗೆ ಒಂದು ಕಡೆ ಇರುತ್ತದೆ. ಒಬ್ಬೊಬ್ಬರಿಗೂ ಬೇರೆಯಾಗುವ ಹೆಸರು, ಊರು, ಮೊತ್ತ, ದಿನಾಂಕಗಳು ಇನ್ನೊಂದು ಕಡೆ ಪಟ್ಟಿಯಾಗಿರುತ್ತವೆ. ಮೊದಲನೆಯದು ನಮೂನೆ ಅಥವಾ ಟೆಂಪ್ಲೇಟ್. ಎರಡನೆಯದು ದತ್ತಸಂಚಯ ಅಥವಾ ಡೇಟಾಬೇಸ್. ಇವೆರಡನ್ನೂ ಬೆಸೆಯುವ ಕ್ರಿಯೆಗೆ ಮೇಲ್ ಮರ್ಜ್ ಎಂಬ ಹೆಸರು ನಿಂತಿದೆ.

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಹೊಸ ವಿಚಾರವೇನಲ್ಲ. ಏಕರೂಪ ವೇಗೋತ್ಕರ್ಷದ ಚಲನೆಯ ಸಮೀಕರಣವನ್ನು ಒಮ್ಮೆ ಬರೆದಿಟ್ಟುಕೊಂಡರೆ, ಆರಂಭಿಕ ವೇಗ, ವೇಗೋತ್ಕರ್ಷ, ಕಾಲ ಇವುಗಳ ಬೆಲೆಗಳನ್ನು ಹಾಕಿ ಯಾವ ಕಾಯದ ಸ್ಥಾನಾಂತರವನ್ನಾದರೂ ಪಡೆಯಬಹುದು. ಸಮೀಕರಣವೇ ನಮೂನೆ, ಅಕ್ಷರಗಳೇ ಬಿಟ್ಟ ಸ್ಥಳಗಳು. ಆದರೆ ಒಂದು ವ್ಯತ್ಯಾಸವಿದೆ. ಸಮೀಕರಣದಲ್ಲಿ 5ರ ಜಾಗಕ್ಕೆ 7 ಬಂದರೆ ಅಕ್ಕಪಕ್ಕದ ಚಿಹ್ನೆಗಳು ಅಲುಗಾಡುವುದಿಲ್ಲ. ಭಾಷೆಯಲ್ಲಿ ಹಾಗಲ್ಲ. ‘ಮೈಸೂರಿಗೆ’ ಎಂಬಲ್ಲಿ ಮೈಸೂರನ್ನು ತೆಗೆದು ಧಾರವಾಡವನ್ನು ಇಟ್ಟರೆ ‘ಧಾರವಾಡಿಗೆ’ ಆಗುವುದಿಲ್ಲ. ಸ್ಥಿರಭಾಗವೂ ಚರಭಾಗವೂ ಕೂಡುವ ಈ ಸಂಧಿಸ್ಥಾನದಲ್ಲೇ ಇಂತಹ ಎಲ್ಲ ಯಂತ್ರಗಳೂ ಎಡವಿವೆ. ಈ ಲೇಖನದ ವಿಷಯವೂ ಬಹುಮಟ್ಟಿಗೆ ಅದೇ.

ಅಮುಕನೆಂಬ ಚರ

ಗಣಕಕ್ಕಿಂತ ನಮೂನೆ ಬಹಳ ಹಳೆಯದು. ನಮ್ಮ ಪ್ರಯೋಗ ಪುಸ್ತಕಗಳನ್ನು ನೋಡಿದವರಿಗೆ ‘ಅಮುಕ’ ಎಂಬ ಪದ ಗೊತ್ತು. ಅಮುಕ ಸಂವತ್ಸರ, ಅಮುಕ ಮಾಸ, ಅಮುಕ ಗೋತ್ರ ಎಂದು ಪುಸ್ತಕದಲ್ಲಿ ಅಚ್ಚಾಗಿರುತ್ತದೆ. ಪುರೋಹಿತರು ಅದನ್ನು ಹಾಗೆಯೇ ಓದುವುದಿಲ್ಲ. ಆ ದಿನದ, ಆ ಯಜಮಾನನ ವಿವರಗಳನ್ನು ಆ ಜಾಗಗಳಲ್ಲಿ ತುಂಬಿ ಹೇಳುತ್ತಾರೆ. ಬೀಜಗಣಿತದ ಎಕ್ಸ್ ಮಾಡುವ ಕೆಲಸವನ್ನೇ ಅಮುಕ ಮಾಡುತ್ತಾನೆ. ಸಂಕಲ್ಪದಲ್ಲಿ ಯಜಮಾನನ ಹೆಸರಿನ ನಂತರ ‘ನಾಮಧೇಯಸ್ಯ’ ಎಂದು ಸೇರಿಸುವ ರೂಢಿಯನ್ನೂ ಗಮನಿಸಿ. ಷಷ್ಠೀ ವಿಭಕ್ತಿಯ ಪ್ರತ್ಯಯ ಹತ್ತಿರುವುದು ‘ನಾಮಧೇಯ’ ಎಂಬ ಪದಕ್ಕೆ. ಆದ್ದರಿಂದ ಯಜಮಾನನ ಹೆಸರು ಅಕಾರಾಂತವೋ ಇಕಾರಾಂತವೋ ಎಂಬ ಚಿಂತೆಯಿಲ್ಲ. ಹೆಸರನ್ನು ಇದ್ದಂತೆಯೇ ಇಟ್ಟರಾಯಿತು. ಈ ಉಪಾಯ ಮುಂದೆ ಮತ್ತೆ ಬರಲಿದೆ.

ಲೌಕಿಕ ವ್ಯವಹಾರಕ್ಕೂ ಇಂತಹ ಸಂಗ್ರಹಗಳಿದ್ದವು. ಗುಜರಾತಿನಿಂದ ದೊರೆತಿರುವ ‘ಲೇಖಪದ್ಧತಿ’ ಎಂಬ ಸಂಸ್ಕೃತ ಗ್ರಂಥದಲ್ಲಿ ಮಧ್ಯಯುಗದ ಪತ್ರ, ದಾಖಲೆಗಳ ಮಾದರಿಗಳಿವೆ. ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಇದು 1925ರಲ್ಲಿ ಅಚ್ಚಾಯಿತು. ಯುರೋಪಿನಲ್ಲಿ 7ನೇ ಶತಮಾನದ ಸುಮಾರಿಗೆ ಮಾರ್ಕುಲ್ಫ್ ಎಂಬ ಫ್ರಾಂಕಿಷ್ ಸನ್ಯಾಸಿ ಇಂತಹದೇ ಸಂಗ್ರಹವೊಂದನ್ನು ಸಿದ್ಧಪಡಿಸಿದ. ಅದರಲ್ಲಿ ವ್ಯಕ್ತಿಯ ಹೆಸರು ಬರಬೇಕಾದ ಕಡೆ ‘ಇಲ್ಲೆ’ ಎಂಬ ಲ್ಯಾಟಿನ್ ಸರ್ವನಾಮವಿದೆ. ಅರ್ಥ ‘ಆತ’. ನಮ್ಮ ಅಮುಕನ ತಮ್ಮನೆನ್ನಬಹುದು!

ಅಚ್ಚಿನ ಯಂತ್ರ ಬಂದ ಮೇಲೆ ನಮೂನೆಗೆ ಬಲ ಬಂದಿತು. ಗುಟೆನ್‌ಬರ್ಗ್ ಎಂದರೆ ಬೈಬಲ್ ಎಂದೇ ನಾವು ಪಾಠ ಹೇಳುತ್ತೇವೆ. ಆದರೆ 1454–55ರಲ್ಲಿ, ಬೈಬಲ್ಲಿನ ಕೆಲಸ ನಡೆದಿದ್ದ ಕಾಲದಲ್ಲೇ, ಮೈನ್ಸ್ ನಗರದಲ್ಲಿ ಒಂದೇ ಹಾಳೆಯ ಪಾಪವಿಮೋಚನಾ ಪತ್ರಗಳೂ ಅಚ್ಚಾದವು. ಸೈಪ್ರಸ್ ದ್ವೀಪವನ್ನು ತುರ್ಕರಿಂದ ರಕ್ಷಿಸಲು ಹಣ ಕೊಟ್ಟವರಿಗೆ ಚರ್ಚು ನೀಡುತ್ತಿದ್ದ ಪತ್ರಗಳಿವು. ಒಕ್ಕಣೆಯೆಲ್ಲ ಅಚ್ಚಿನಲ್ಲಿರುತ್ತಿತ್ತು. ಕೊಂಡವರ ಹೆಸರು, ಸ್ಥಳ, ದಿನಾಂಕಗಳಿಗೆ ಮಾತ್ರ ಖಾಲಿ ಜಾಗ ಬಿಟ್ಟು, ಅದನ್ನು ಲೇಖನಿಯಿಂದ ತುಂಬುತ್ತಿದ್ದರು. ಯುರೋಪಿನ ಅಚ್ಚಿನ ಇತಿಹಾಸದಲ್ಲಿ ದಿನಾಂಕ ಖಚಿತವಾಗಿ ತಿಳಿದಿರುವ ಅತಿ ಹಳೆಯ ಮುದ್ರಣಗಳ ಸಾಲಿನಲ್ಲಿ ಇವು ನಿಲ್ಲುತ್ತವೆ. ಅದಕ್ಕೆ ಕಾರಣವೂ ಸೊಗಸಾಗಿದೆ: ತುಂಬಲು ಬಿಟ್ಟ ಜಾಗದಲ್ಲಿ ಯಾರೋ ಗುಮಾಸ್ತ ತಾರೀಖನ್ನು ಬರೆದಿಟ್ಟಿದ್ದಾನೆ.

ತಗಡು, ಕಾಗದ, ಕಾಂತಪಟ್ಟಿ

ಮುಂದಿನ ನಾಲ್ಕು ಶತಮಾನಗಳ ಕಾಲ ತುಂಬುವ ಕೆಲಸ ಕೈಯದೇ ಆಗಿತ್ತು. ಅದನ್ನು ಯಂತ್ರಕ್ಕೆ ಒಪ್ಪಿಸುವ ಪ್ರಯತ್ನ 19ನೇ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ಮೊದಲಾಯಿತು. ಅಯೋವಾ ಪ್ರಾಂತ್ಯದ ಜೋಸೆಫ್ ಸ್ಮಿತ್ ಡಂಕನ್ ಎಂಬಾತ 1890ರ ದಶಕದಲ್ಲಿ ಅಡ್ರೆಸೊಗ್ರಾಫ್ ಎಂಬ ವಿಳಾಸ ಮುದ್ರಕವನ್ನು ರೂಪಿಸಿದ. ಇದರ ಬೆಳೆದ ರೂಪದಲ್ಲಿ ಒಬ್ಬೊಬ್ಬ ಗ್ರಾಹಕನಿಗೂ ಒಂದೊಂದು ಲೋಹದ ತಗಡು. ಅದರ ಮೇಲೆ ವಿಳಾಸದ ಅಕ್ಷರಗಳು ಉಬ್ಬಿ ನಿಂತಿರುತ್ತಿದ್ದವು. ತಗಡುಗಳ ಸಾಲು ಯಂತ್ರದೊಳಗೆ ಸರಿಯುತ್ತ ಒಂದೊಂದಾಗಿ ಲಕೋಟೆಯ ಮೇಲೆ ಅಚ್ಚೊತ್ತುತ್ತಿತ್ತು. ತಗಡಿನ ಮೇಲಂಚಿಗೆ ಚಿಕ್ಕ ಲೋಹದ ಗುರುತುಗಳನ್ನು ಸಿಕ್ಕಿಸಬಹುದಾಗಿತ್ತು. ಚಂದಾ ಮುಗಿದವರು, ಇಂತಹ ಊರಿನವರು ಎಂಬ ಗುರುತನ್ನು ನೋಡಿ ಯಂತ್ರ ಕೆಲವು ತಗಡುಗಳನ್ನು ಅಚ್ಚೊತ್ತದೆ ಬಿಡುತ್ತಿತ್ತು. ದತ್ತಸಂಚಯದ ಶೋಧ ಎಂದು ನಾವು ಕರೆಯುವ ಕ್ರಿಯೆ ಅಲ್ಲಿಯೇ ಇದೆ. ಒಂದು ತಗಡು ಎಂದರೆ ಒಂದು ರೆಕಾರ್ಡ್.

ಲಕೋಟೆಯಾಯಿತು, ಪತ್ರ? 1930ರ ದಶಕದಲ್ಲಿ ಕಚೇರಿಗಳಿಗೆ ಬಂದ ಆಟೊ-ಟೈಪಿಸ್ಟ್ ಯಂತ್ರವು ಸ್ವಯಂಚಾಲಿತ ಪಿಯಾನೊದಿಂದ ಉಪಾಯವನ್ನು ಎರವಲು ಪಡೆಯಿತು. ರಂಧ್ರಗಳಿದ್ದ ಕಾಗದದ ಸುರುಳಿ ಗಾಳಿಯ ಒತ್ತಡದ ನೆರವಿನಿಂದ ಬೆರಳಚ್ಚು ಯಂತ್ರದ ಕೀಲಿಗಳನ್ನು ಒತ್ತುತ್ತಿತ್ತು. ಹೆಸರಿನ ಜಾಗ ಬಂದಾಗ ಯಂತ್ರ ನಿಲ್ಲುತ್ತಿತ್ತು. ಬೆರಳಚ್ಚುಗಾರ್ತಿ ಹೆಸರನ್ನು ಒತ್ತಿದ ಮೇಲೆ ಮತ್ತೆ ಓಡುತ್ತಿತ್ತು. ಪಡೆದವರಿಗೆ ಇದು ತಮಗಾಗಿಯೇ ಬೆರಳಚ್ಚಾದ ಪತ್ರವೆನ್ನಿಸಬೇಕು. ವ್ಯಾಪಾರದ ಗುಟ್ಟು ಅದೇ ಆಗಿತ್ತು.

ಪೂರ್ಣ ಅರ್ಥದಲ್ಲಿ ಬೆಸೆಯುವ ಯಂತ್ರವೆಂದರೆ ಫ್ಲೆಕ್ಸೊರೈಟರ್. 1957ರಲ್ಲಿ ಫ್ರೈಡನ್ ಕಂಪೆನಿಯ ಕೈಸೇರಿದ ಈ ಯಂತ್ರ ರಂಧ್ರಪಟ್ಟಿಯನ್ನು ಓದಿ ಬೆರಳಚ್ಚಿಸುತ್ತಿತ್ತು. ಅದಕ್ಕೆ ಎರಡನೆಯ ಓದುಗವನ್ನೂ ಜೋಡಿಸಬಹುದಾಗಿತ್ತು. ಮೊದಲ ಪಟ್ಟಿಯಲ್ಲಿ ಪತ್ರ, ಎರಡನೆಯದರಲ್ಲಿ ಹೆಸರು, ವಿಳಾಸಗಳು. ಪತ್ರದ ನಡುವೆ ವಿಶೇಷ ಸಂಕೇತವೊಂದು ಬಂದರೆ ಓದುವಿಕೆ ಎರಡನೆಯ ಪಟ್ಟಿಗೆ ಜಿಗಿಯುತ್ತದೆ; ಅಲ್ಲಿಯೂ ಅಂತಹುದೇ ಸಂಕೇತ ಬಂದಾಗ ಮರಳುತ್ತದೆ. ಇಂದಿನ ತಂತ್ರಾಂಶಗಳ ಒಳಗಿನ ತರ್ಕ ಇಷ್ಟೇ ಎಂದರೆ ಉತ್ಪ್ರೇಕ್ಷೆಯಾಗದು.

1964ರಲ್ಲಿ ಐಬಿಎಂ ಕಂಪೆನಿ ಕಾಗದದ ಬದಲು ಕಾಂತಪಟ್ಟಿಯನ್ನು ಬಳಸುವ ಸೆಲೆಕ್ಟ್ರಿಕ್ ಬೆರಳಚ್ಚು ಯಂತ್ರವನ್ನು ತಂದಿತು. ಎರಡು ಪಟ್ಟಿಗಳನ್ನು ಒಟ್ಟಿಗೆ ಹಾಕಬಹುದಾದ ಮಾದರಿಯೂ ಇತ್ತು. ಉಪಯೋಗ ಮತ್ತೆ ಅದೇ: ಒಂದರಲ್ಲಿ ಪತ್ರ, ಇನ್ನೊಂದರಲ್ಲಿ ವಿಳಾಸಗಳು. ಇದರ ಪ್ರಚಾರದೊಂದಿಗೆ ‘ವರ್ಡ್ ಪ್ರೊಸೆಸಿಂಗ್’ ಎಂಬ ಪದ ಜಗತ್ತಿಗೆ ಹರಡಿತು. ಆ ಪದಕ್ಕೆ ಮೂಲವಾದ ಜರ್ಮನ್ ರೂಪವನ್ನು 1950ರ ದಶಕದಲ್ಲಿ ಸೂಚಿಸಿದ ಐಬಿಎಂ ಉದ್ಯೋಗಿ ಉಲ್ರಿಚ್ ಸ್ಟೈನ್‌ಹಿಲ್ಪರ್, ಎರಡನೆಯ ಮಹಾಯುದ್ಧದಲ್ಲಿ ಯುದ್ಧವಿಮಾನ ಹಾರಿಸಿ ಸೆರೆಸಿಕ್ಕಿದ್ದ ವ್ಯಕ್ತಿ.

ಇವೆಲ್ಲ ಬೆರಳಚ್ಚಿನ ವಂಶದವು. ಗಣಕದ ವಂಶದಲ್ಲಿ ಮೊದಲ ನಮೂನೆ ಪತ್ರಗಳು ಪ್ರೇಮಪತ್ರಗಳಾಗಿದ್ದವು! ಹ್ಯಾರೋ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದು ಗಣಕದ ಕಡೆ ಹೊರಳಿದ ಕ್ರಿಸ್ಟೊಫರ್ ಸ್ಟ್ರೇಚಿ, 1952ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಫೆರಾಂಟಿ ಮಾರ್ಕ್ 1 ಗಣಕಕ್ಕೆ ಒಂದು ಕ್ರಮವಿಧಿ ಬರೆದರು. ವಾಕ್ಯದ ಚೌಕಟ್ಟುಗಳು ಎರಡೇ. ವಿಶೇಷಣ, ನಾಮಪದ, ಕ್ರಿಯಾಪದಗಳ ಪಟ್ಟಿಗಳು ಬೇರೆ. ಯಾವ ಪದ ಎಲ್ಲಿಗೆ ಎಂಬುದನ್ನು ಯಾದೃಚ್ಛಿಕ ಸಂಖ್ಯೆ ನಿರ್ಧರಿಸುತ್ತಿತ್ತು. ಆ ಸಂಖ್ಯೆಗಳನ್ನು ಟ್ಯೂರಿಂಗ್ ಅವರ ಒತ್ತಾಯದಂತೆ ಯಂತ್ರದಲ್ಲಿ ಅಳವಡಿಸಿದ್ದ ವಿದ್ಯುನ್ಮಾನ ಗೊಂದಲದ ಆಕರ ಒದಗಿಸುತ್ತಿತ್ತು. ಮಂಡಲದಲ್ಲಿ ಗೊಂದಲವನ್ನು ತಗ್ಗಿಸಲು ಪ್ರಯೋಗಾಲಯದಲ್ಲಿ ನಾವು ಹೆಣಗುತ್ತೇವೆ. ಅಲ್ಲಿ ಅದರಿಂದ ಪ್ರೇಮ ಹುಟ್ಟುತ್ತಿತ್ತು. ಪತ್ರದ ಕೆಳಗೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಗಣಕ ಎಂಬುದರ ಮೊದಲಕ್ಷರಗಳ ರುಜು.

ವರ್ಡ್‌ಸ್ಟಾರ್ ಕಲಿಸಿದ ಶಿಸ್ತು

ವೈಯಕ್ತಿಕ ಗಣಕದ ಯುಗಕ್ಕೆ ಬರೋಣ. ರಾಬ್ ಬಾರ್ನಬಿ ಬರೆದು, ಸೀಮೋರ್ ರುಬಿನ್‌ಸ್ಟೈನ್ ಅವರ ಮೈಕ್ರೋಪ್ರೊ ಕಂಪೆನಿ 1978ರಲ್ಲಿ ಹೊರತಂದ ವರ್ಡ್‌ಸ್ಟಾರ್ ಆ ಕಾಲದ ಜನಪ್ರಿಯ ಪದಸಂಸ್ಕಾರಕ. ಅದರ ಜೊತೆಗೆ ಪ್ರತ್ಯೇಕವಾಗಿ ಮಾರಾಟವಾಗುತ್ತಿದ್ದ ಪೂರಕ ತಂತ್ರಾಂಶದ ಹೆಸರು ಮೇಲ್‌ಮರ್ಜ್. ಒಂದು ಸರಕಿನ ಹೆಸರು ಕ್ರಮೇಣ ಕ್ರಿಯೆಯ ಹೆಸರೇ ಆಯಿತು.

ನಾನು ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ವಿಭಾಗದ ಗಣಕದಲ್ಲಿ ಇದ್ದದ್ದು ವರ್ಡ್‌ಸ್ಟಾರ್. ಅದರ ನಮೂನೆಯನ್ನು ಇಂದಿಗೂ ತರಗತಿಯಲ್ಲಿ ವಿವರಿಸುತ್ತೇನೆ. ಏಕೆಂದರೆ ಅದರಲ್ಲಿ ಯಾವುದೂ ಮುಚ್ಚಿಟ್ಟಿಲ್ಲ. ಸಾಲಿನ ಆರಂಭದಲ್ಲಿ ಚುಕ್ಕೆಯಿಟ್ಟು ಬರೆದದ್ದು ಆಜ್ಞೆ, ಅದು ಅಚ್ಚಾಗುವುದಿಲ್ಲ. ‘ಡಿಎಫ್’ ಎಂಬ ಚುಕ್ಕೆ ಆಜ್ಞೆ ದತ್ತಾಂಶದ ಕಡತ ಯಾವುದೆಂದು ಹೇಳುತ್ತದೆ. ‘ಆರ್‌ವಿ’ ಎಂಬುದು ಆ ಕಡತದ ಒಂದು ಸಾಲನ್ನು ಓದಿ, ಅದರ ತುಂಡುಗಳನ್ನು ಯಾವ ಯಾವ ಚರಗಳಲ್ಲಿ ಇಡಬೇಕೆಂದು ಹೇಳುತ್ತದೆ. ಪತ್ರದೊಳಗೆ ಚರವನ್ನು ಎರಡು ‘&’ ಚಿಹ್ನೆಗಳ ನಡುವೆ ಬರೆಯಬೇಕು. ಚರಗಳ ಹೆಸರನ್ನು ಕನ್ನಡದಲ್ಲಿ ಬರೆದು ತೋರಿಸುವುದಾದರೆ, ‘&ಹೆಸರು&’, ‘&ಊರು&’ ಎಂದು. ದತ್ತಾಂಶದ ಕಡತವೋ ಬರಿಯ ಅಲ್ಪವಿರಾಮಗಳಿಂದ ಬೇರ್ಪಟ್ಟ ಪಠ್ಯ: ‘ಸವಿತಾ,ಹಾಸನ,573201’ ಎಂಬಂತೆ, ಒಬ್ಬರಿಗೆ ಒಂದು ಸಾಲು.

ಇಲ್ಲಿ ಶಿಸ್ತು ತಪ್ಪಿದರೆ ಶಿಕ್ಷೆ ಒಡನೆಯೇ. ವಿಳಾಸದಲ್ಲಿ ‘ನಂ. 12, 3ನೇ ಅಡ್ಡರಸ್ತೆ’ ಎಂದಿದ್ದರೆ ನಡುವಿನ ಅಲ್ಪವಿರಾಮ ಒಂದು ತುಂಡನ್ನು ಎರಡು ಮಾಡುತ್ತದೆ. ಆಗ ರಸ್ತೆ ಊರಿನ ಜಾಗಕ್ಕೂ ಊರು ಪಿನ್‌ಕೋಡಿನ ಜಾಗಕ್ಕೂ ಸರಿಯುತ್ತವೆ. ಅಂತಹ ತುಂಡನ್ನು ಉದ್ಧರಣ ಚಿಹ್ನೆಗಳೊಳಗೆ ಇಡುವುದು ಪರಿಹಾರ. ಈ ರೂಢಿಗಳನ್ನು ಅಂತರಜಾಲದ ದಾಖಲೆ ಮಾಲಿಕೆಯಲ್ಲಿ ಬರೆದಿಟ್ಟದ್ದು 2005ರಲ್ಲಿ. ಅಷ್ಟು ಹೊತ್ತಿಗೆ ಎರಡು ತಲೆಮಾರಿನ ಗುಮಾಸ್ತರು ಅದನ್ನು ಅನುಭವದಿಂದ ಕಲಿತಾಗಿತ್ತು.

ಇನ್ನೆರಡು ಸಂಗತಿಗಳನ್ನು ವರ್ಡ್‌ಸ್ಟಾರ್ ಆಗಲೇ ಯೋಚಿಸಿತ್ತು. ಒಂದು, ಖಾಲಿ ವಿವರ. ಎಲ್ಲರ ವಿಳಾಸದಲ್ಲೂ ಸಂಸ್ಥೆಯ ಹೆಸರು ಇರುವುದಿಲ್ಲ. ಇಲ್ಲದಿದ್ದಾಗ ಆ ಸಾಲು ಬೋಳಾಗಿ ಉಳಿಯಬಾರದು. ಚರದ ಹೆಸರಿನ ಮುಂದೆ ಓರೆಗೆರೆಯನ್ನೂ ಇಂಗ್ಲಿಷಿನ ‘ಓ’ ಅಕ್ಷರವನ್ನೂ ಹಾಕಿದರೆ ಖಾಲಿ ಸಾಲು ಮಾಯವಾಗುತ್ತಿತ್ತು. ಇನ್ನೊಂದು, ಹೆಸರಿನ ಉದ್ದ. ‘ರವಿ’ ಇದ್ದಲ್ಲಿ ‘ವೆಂಕಟರಮಣಸ್ವಾಮಿ’ ಬಂದರೆ ಸಾಲು ಮುರಿಯುವ ಜಾಗ ಬದಲಾಗುತ್ತದೆ. ಆದ್ದರಿಂದ ಅಚ್ಚು ಮಾಡುವಾಗಲೇ ಪ್ಯಾರಾವನ್ನು ಮತ್ತೆ ಹೊಂದಿಸುವ ಏರ್ಪಾಡಿತ್ತು. ಫ್ಲೆಕ್ಸೊರೈಟರ್‌ಗೆ ಇದು ಸಾಧ್ಯವಿರಲಿಲ್ಲ. ಗಣಕ ನಿಜವಾಗಿ ಸೇರಿಸಿದ್ದು ಈ ವಿವೇಕವನ್ನು.

ಸಾಲು ಒಡೆದರೆ

ಪಟ್ಟಿಯ ಕಡೆಯಲ್ಲೂ ಬೆಳವಣಿಗೆ ನಡೆದಿತ್ತು. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಪ್ರಕಟಿಸಿದ ಪ್ರಬಂಧ ದತ್ತಾಂಶವನ್ನು ಗಣಿತದ ಸಂಬಂಧಗಳಾಗಿ, ಎಂದರೆ ಕೋಷ್ಟಕಗಳಾಗಿ, ನೋಡಲು ಕಲಿಸಿತು. ಕ್ಯಾಲಿಫೋರ್ನಿಯದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ವೇಯ್ನ್ ರ್‍ಯಾಟ್ಲಿಫ್ 1970ರ ದಶಕದ ಕೊನೆಯಲ್ಲಿ ಬರೆದ ‘ವಲ್ಕನ್’, ಮುಂದಿನ ದಶಕದ ಆರಂಭದಲ್ಲಿ ‘ಡಿಬೇಸ್ 2’ ಎಂಬ ಹೆಸರಿನಿಂದ ಸಣ್ಣ ಗಣಕಗಳಿಗೆ ಬಂದಿತು. ಡಿಬೇಸ್‌ನಲ್ಲಿ ಪಟ್ಟಿ, ವರ್ಡ್‌ಸ್ಟಾರ್‌ನಲ್ಲಿ ಪತ್ರ, ನಡುವೆ ಅಲ್ಪವಿರಾಮದ ಕಡತ ಎಂಬುದು ಭಾರತದ ಅನೇಕ ಕಚೇರಿಗಳಿಗೂ ಪರಿಚಿತ ಏರ್ಪಾಡು.

ಕೋಷ್ಟಕದಲ್ಲಿ ಒಂದು ಅಡ್ಡಸಾಲು ಒಬ್ಬ ವ್ಯಕ್ತಿ. ಆ ಸಾಲು ಒಡೆಯಬಾರದು. ಹೇಳಲು ಸುಲಭ. ಈಗ ಬಹುತೇಕ ಶಾಲಾ ಕಾಲೇಜುಗಳಲ್ಲಿ ಪಟ್ಟಿ ಇರುವುದು ದತ್ತಸಂಚಯದಲ್ಲಲ್ಲ, ಹರವುಹಾಳೆಯಲ್ಲಿ. ಅದರಲ್ಲಿ ಹೆಸರಿನ ಕಂಬಸಾಲನ್ನು ಮಾತ್ರ ಆಯ್ದು ಅಕಾರಾದಿಯಾಗಿ ಜೋಡಿಸಿದರೆ ಅಂಕಗಳ ಕಂಬಸಾಲು ಇದ್ದಲ್ಲೇ ಉಳಿಯುತ್ತದೆ. ತಂತ್ರಾಂಶ ಎಚ್ಚರಿಸುತ್ತದೆ, ಅವಸರದಲ್ಲಿದ್ದವರು ಒತ್ತಿಬಿಡುತ್ತಾರೆ. ಒಂದು ಕಾಲೇಜಿನಲ್ಲಿ ಹೀಗೆಯೇ ಆಗಿ, ಸ್ಪರ್ಧೆಯೊಂದರ ಪ್ರಮಾಣಪತ್ರಗಳಲ್ಲಿ ಒಬ್ಬರ ಅಂಕ ಇನ್ನೊಬ್ಬರ ಹೆಸರಿಗೆ ಅಚ್ಚಾಗಿದ್ದನ್ನು ಕಂಡಿದ್ದೇನೆ. ಹಾಳೆಗಳು ಅಂದವಾಗಿದ್ದವು, ಮೊಹರು ಬಿದ್ದಿತ್ತು. ಬಹುಮಾನ ಸಿಗಬೇಕಾಗಿದ್ದ ಹುಡುಗಿ ತಾನಾಗಿ ಬಂದು ಕೇಳುವವರೆಗೆ ಯಾರಿಗೂ ಅನುಮಾನ ಬರಲಿಲ್ಲ. ಕೈಬರಹದ ತಪ್ಪು ಒಬ್ಬರಿಗೆ ತಟ್ಟುತ್ತದೆ. ಬೆಸುಗೆಯ ತಪ್ಪು ಇಡೀ ತರಗತಿಗೆ ತಟ್ಟುತ್ತದೆ, ಅದೂ ಅಚ್ಚುಕಟ್ಟಾಗಿ. ನೋಂದಣಿ ಸಂಖ್ಯೆಯಂತಹ ಒಂದು ಗುರುತನ್ನು ನಮೂನೆಯಲ್ಲೂ ಅಚ್ಚಿಸಿ, ಮೂಲ ಪಟ್ಟಿಯೊಡನೆ ಹತ್ತು ಹಾಳೆಗಳನ್ನಾದರೂ ತಾಳೆ ನೋಡುವುದು ಇದಕ್ಕೆ ಅಗ್ಗದ ವಿಮೆ.

78.35 ಏಕೆ 78.349999999999994 ಆಯಿತು?

1983ರಲ್ಲಿ ಡಾಸ್‌ಗೆ, 1989ರಲ್ಲಿ ವಿಂಡೋಸ್‌ಗೆ ಬಂದ ಮೈಕ್ರೋಸಾಫ್ಟ್ ವರ್ಡ್, ಚುಕ್ಕೆ ಆಜ್ಞೆಗಳ ಬದಲು ‘ಫೀಲ್ಡ್’ ಎಂಬ ಪರಿಕಲ್ಪನೆಯನ್ನು ನೆಲೆಗೊಳಿಸಿತು. ಪರದೆಯ ಮೇಲೆ «ಹೆಸರು» ಎಂದು ಜೋಡಿ ಬಾಣಗಳ ನಡುವೆ ಕಾಣುವುದು ಬರಿಯ ಮುಖ. ಅದರ ಹಿಂದೆ ಒಂದು ಪುಟ್ಟ ಸೂತ್ರವಿರುತ್ತದೆ. ಸೂತ್ರದಲ್ಲಿ ಷರತ್ತು ಹಾಕಬಹುದು: ಅಂಕ 35ಕ್ಕಿಂತ ಕಡಿಮೆಯಾದರೆ ಒಂದು ವಾಕ್ಯ, ಇಲ್ಲದಿದ್ದರೆ ಇನ್ನೊಂದು. ಮೊದಲು ‘ಪ್ರಿಂಟ್ ಮರ್ಜ್’ ಎನ್ನುತ್ತಿದ್ದ ಈ ಸೌಲಭ್ಯಕ್ಕೆ 1993ರ ವರ್ಡ್ 6ರಲ್ಲಿ ಮೇಲ್ ಮರ್ಜ್ ಎಂಬ ಹೆಸರೇ ಬಂದಿತು.

ವರ್ಡ್ 2002ರಿಂದ ಈಚೆಗೆ ಬಳಸಿದವರಲ್ಲಿ ಅನೇಕರು ಕಂಡ ವಿಚಿತ್ರವೊಂದಿದೆ. ಎಕ್ಸೆಲ್ ಹಾಳೆಯಲ್ಲಿ ಶೇಕಡಾ 78.35 ಎಂದಿರುತ್ತದೆ. ಬೆಸೆದ ಪತ್ರದಲ್ಲಿ 78.349999999999994 ಎಂದು ಅಚ್ಚಾಗುತ್ತದೆ! ಗಣಕ ಕೆಟ್ಟಿದೆ ಎಂದು ಕೆಲವರು, ವೈರಸ್ ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ಯಾವುದೂ ಅಲ್ಲ. ಇದು ಒಳ್ಳೆಯ ಭೌತವಿಜ್ಞಾನದ ಪಾಠ.

ದಶಮಾನದಲ್ಲಿ 1/3 ಹೇಗೆ ಮುಗಿಯದೋ ಹಾಗೆಯೇ, ಛೇದದಲ್ಲಿ 5 ಉಳಿಯುವ ಯಾವ ಭಿನ್ನರಾಶಿಯೂ ದ್ವಿಮಾನದಲ್ಲಿ ಮುಗಿಯುವುದಿಲ್ಲ. 0.35 ಎಂದರೆ 7/20. ಅದು ದ್ವಿಮಾನದಲ್ಲಿ ಕೊನೆಯಿಲ್ಲದ ಸರಣಿ. 1985ರ ಐಇಇಇ 754 ಮಾನಕದಂತೆ ಗಣಕ 53 ಸಾರ್ಥಕ ದ್ವಿಮಾನ ಅಂಕಿಗಳನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಸರಿದೂಗಿಸುತ್ತದೆ. 64 ಮತ್ತು 128ರ ನಡುವೆ ಹೀಗೆ ಬರೆಯಬಹುದಾದ ಎರಡು ನೆರೆಯ ಸಂಖ್ಯೆಗಳ ಅಂತರ 2ರ ಘಾತ –46, ಸುಮಾರು 1.4 × 10⁻¹⁴. 78.35ಕ್ಕೆ ಅತಿ ಹತ್ತಿರದ ಮನೆ ಅದಕ್ಕಿಂತ ಆ ಅಂತರದ ಐದನೇ ಎರಡು ಪಾಲಿನಷ್ಟು ಕೆಳಗಿದೆ. 17 ದಶಮಾನ ಅಂಕಿಗಳಲ್ಲಿ ಬರೆದರೆ ಅದೇ 78.349999999999994. ವಿದ್ಯಾರ್ಥಿಗಳು ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು.

ಎಕ್ಸೆಲ್ ತನ್ನ ಕೋಶದಲ್ಲಿ ಎರಡು ವಸ್ತುಗಳನ್ನು ಇಟ್ಟಿರುತ್ತದೆ: ಬೆಲೆ ಮತ್ತು ಅದನ್ನು ತೋರಿಸುವ ಬಗೆ. ಹಿಂದಿನ ವರ್ಡ್ ಆವೃತ್ತಿಗಳು ಎಕ್ಸೆಲ್ಲನ್ನೇ ಕೇಳಿ, ಅದು ತೋರಿಸಿದ್ದನ್ನು ತೆಗೆದುಕೊಳ್ಳುತ್ತಿದ್ದವು. 2002ರಿಂದ ಸಂಪರ್ಕದ ವಿಧಾನ ಬದಲಾಗಿ, ತೋರಿಕೆಯನ್ನು ಬಿಟ್ಟು ಬೆಲೆಯನ್ನು ಮಾತ್ರ ತರತೊಡಗಿದವು. ದಿನಾಂಕಗಳು ತಿಂಗಳನ್ನು ಮುಂದಿಟ್ಟುಕೊಂಡು ಅಮೆರಿಕದ ಕ್ರಮದಲ್ಲಿ ಬರುವುದಕ್ಕೂ ಇದೇ ಕಾರಣ. ಫೀಲ್ಡ್ ಸೂತ್ರದ ಕೊನೆಗೆ \# 0.00 ಎಂದು ಸೇರಿಸಿದರೆ ಎರಡು ದಶಮಾಂಶ ಸ್ಥಾನ ಮಾತ್ರ ಉಳಿಯುತ್ತದೆ. ದಿನಾಂಕಕ್ಕೆ \@ ಎಂಬ ಸ್ವಿಚ್ಚಿದೆ. ಎಷ್ಟು ಸಾರ್ಥಕ ಅಂಕಿಗಳನ್ನು ಹೇಳಬೇಕು ಎಂಬ ತೀರ್ಮಾನ ನಮೂನೆ ಬರೆದವರದು, ಗಣಕದ್ದಲ್ಲ. ಪ್ರಯೋಗದ ದಾಖಲೆಪುಸ್ತಕದಲ್ಲಿ ಹತ್ತು ದಶಮಾಂಶ ಬರೆದುತರುವ ಹುಡುಗರಿಗೆ ನಾವು ಹೇಳುವುದೂ ಇದನ್ನೇ ತಾನೆ?

ಮೇಲ್ ಮರ್ಜ್‌ಗೆ ಒಂದು ಮೂಲಭೂತ ಮಿತಿಯಿದೆ. ಅದು ಒಂದು ಸಾಲಿಗೆ ಒಂದು ಪತ್ರ ಎಂಬ ಲೆಕ್ಕದಲ್ಲಿ ಯೋಚಿಸುತ್ತದೆ. ಅಂಕಪಟ್ಟಿಯಲ್ಲಿ ಒಬ್ಬ ವಿದ್ಯಾರ್ಥಿಗೆ ಆರು ವಿಷಯಗಳಿದ್ದರೆ ಆರನ್ನೂ ಒಂದೇ ಸಾಲಿನ ಆರು ಕಂಬಸಾಲುಗಳಲ್ಲಿ ಹರಡಬೇಕು. ಒಬ್ಬರಿಗೆ ನಾಲ್ಕು, ಇನ್ನೊಬ್ಬರಿಗೆ ಎಂಟು ವಿಷಯಗಳಿದ್ದರೆ ತೊಡಕು. ಅದಕ್ಕಾಗಿಯೇ ನಮೂನೆಯೊಳಗೆ ಪುನರಾವರ್ತನೆಯನ್ನು ಬರೆಯಬಲ್ಲ ಸಾಧನಗಳು ಹುಟ್ಟಿದವು. 2006ರಲ್ಲಿ ಮಾನಕವಾದ ಹೊಸ ವರ್ಡ್ ಕಡತರೂಪ ಈ ಕೆಲಸವನ್ನು ಸುಲಭ ಮಾಡಿತು. ಏಕೆಂದರೆ ಆ ಕಡತ ವಾಸ್ತವವಾಗಿ ಎಕ್ಸ್‌ಎಂಎಲ್ ಪಠ್ಯಗಳನ್ನು ತುಂಬಿದ ಒಂದು ಜಿಪ್ ಚೀಲ. ವರ್ಡ್‌ನ ನೆರವಿಲ್ಲದೆಯೇ ಅದನ್ನು ಬಿಚ್ಚಿ, ತುಂಬಿ, ಮತ್ತೆ ಕಟ್ಟಬಹುದು.

ಕನ್ನಡದ ಗಂಟು

ಈಗ ಸಂಧಿಸ್ಥಾನಕ್ಕೆ ಬರೋಣ. ಕನ್ನಡದಲ್ಲಿ ತೊಂದರೆ ಎರಡು ಪದರಗಳಲ್ಲಿತ್ತು.

ಮೊದಲನೆಯದು ಅಕ್ಷರದ್ದು. 1990ರ ದಶಕದ ಕೊನೆಯಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಮೊದಲಾದವು ಕನ್ನಡದ ಬರವಣಿಗೆಯನ್ನು ಮನೆಮನೆಗೆ ತಂದವು. ಅವುಗಳ ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ದತ್ತಸಂಚಯದ ಕೋಶಕ್ಕೆ ಫಾಂಟಿನ ನೆನಪಿರುವುದಿಲ್ಲ. ಆದ್ದರಿಂದ ಅಲ್ಲಿ ಹೆಸರುಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿದ್ದವು. ನಮೂನೆಯಲ್ಲಿ ಫೀಲ್ಡಿಗೆ ನುಡಿ ಫಾಂಟು ಹಚ್ಚಿದಾಗ ಮಾತ್ರ ಮತ್ತೆ ಕನ್ನಡವಾಗುತ್ತಿದ್ದವು. ವರ್ಡ್ ತಾನಾಗಿ ವಾಕ್ಯದ ಮೊದಲ ಅಕ್ಷರವನ್ನು ದೊಡ್ಡಕ್ಷರ ಮಾಡಹೊರಟರೆ ಕನ್ನಡದ ಅಕ್ಷರವೇ ಬೇರೆಯಾಗುತ್ತಿತ್ತು. ಅಕಾರಾದಿಯ ಜೋಡಣೆ ಕೇಳುವುದೇ ಬೇಡ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನವಿತ್ತು. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ತುಂಗಾ ಫಾಂಟಿನೊಡನೆ ಅದನ್ನು ಬೆಂಬಲಿಸಿತು. ಬಳಕೆ ಹರಡಲು ಮಾತ್ರ ಇನ್ನೂ ಅನೇಕ ವರ್ಷಗಳು ಬೇಕಾದವು.

ಎರಡನೆಯ ಪದರ ವ್ಯಾಕರಣದ್ದು. ಇದು ಫಾಂಟಿನಿಂದ ಬಗೆಹರಿಯುವುದಲ್ಲ. ಇಂಗ್ಲಿಷಿನಲ್ಲಿ ಹೆಸರಿನ ಮುಂದೆ ಬಿಡಿಪದವೊಂದನ್ನು ಇಟ್ಟರೆ ಚತುರ್ಥಿಯ ಅರ್ಥ ಬರುತ್ತದೆ. ಹೆಸರು ಬದಲಾಗುವುದಿಲ್ಲ. ಕನ್ನಡದಲ್ಲಿ ಪ್ರತ್ಯಯ ಹೆಸರಿಗೇ ಅಂಟುತ್ತದೆ: ಬಳ್ಳಾರಿಗೆ, ಮೈಸೂರಿಗೆ, ಹಾಸನಕ್ಕೆ, ಲಕ್ಷ್ಮಿಗೆ, ಗುರುವಿಗೆ, ರಾಮನಿಗೆ. ಕೊನೆಯ ಅಕ್ಷರ ನೋಡಿ ನಿಯಮ ಮಾಡಬಹುದಲ್ಲ ಎನ್ನುವವರು ‘ಚೇತನ’ ಎಂಬ ಹೆಸರನ್ನು ತೆಗೆದುಕೊಳ್ಳಲಿ. ಹುಡುಗನಾದರೆ ಚೇತನನಿಗೆ, ಹುಡುಗಿಯಾದರೆ ಚೇತನಳಿಗೆ, ಸಂಸ್ಥೆಯ ಹೆಸರಾದರೆ ಚೇತನಕ್ಕೆ. ಅಕ್ಷರಗಳಲ್ಲಿ ಇಲ್ಲದ ಮಾಹಿತಿ ಇಲ್ಲಿ ಬೇಕು. ಕ್ರಿಯಾಪದವೂ ಹೊರತಲ್ಲ: ಉತ್ತೀರ್ಣನಾಗಿದ್ದಾನೆ, ಉತ್ತೀರ್ಣಳಾಗಿದ್ದಾಳೆ.

ನಮ್ಮ ಕಚೇರಿಗಳ ಕನ್ನಡ ಈ ಗಂಟನ್ನು ಗಣಕ ಬರುವ ಮೊದಲೇ ಬಿಡಿಸಿತ್ತು ಎಂಬುದು ನನ್ನ ಅಭಿಪ್ರಾಯ. ‘ಶ್ರೀ/ಶ್ರೀಮತಿ ______ ಅವರಿಗೆ’, ‘______ ಎಂಬುವರು’, ‘______ ಗ್ರಾಮದಲ್ಲಿ’, ‘______ ತಾಲ್ಲೂಕಿನ’. ಪ್ರತ್ಯಯವೆಲ್ಲ ಅಚ್ಚಾದ ಸ್ಥಿರಪದಕ್ಕೆ. ಬಿಟ್ಟ ಸ್ಥಳದಲ್ಲಿ ಹೆಸರು ಪ್ರಥಮಾ ವಿಭಕ್ತಿಯಲ್ಲೇ ಕುಳಿತಿರುತ್ತದೆ. ‘ಉತ್ತೀರ್ಣರಾಗಿರುತ್ತಾರೆ’ ಎಂಬ ಗೌರವ ಬಹುವಚನ ಗಂಡು ಹೆಣ್ಣಿನ ಪ್ರಶ್ನೆಯನ್ನೇ ಎತ್ತುವುದಿಲ್ಲ. ಸಂಕಲ್ಪದ ‘ನಾಮಧೇಯಸ್ಯ’ ಮಾಡಿದ ಕೆಲಸವೇ ಇದು. ಕಂದಾಯ ದಾಖಲೆಗಳ ‘ಬಿನ್’ ಮತ್ತು ‘ಕೋಂ’ ಇನ್ನೂ ಚುರುಕು. ‘ಇಂತಹವನ ಮಗ’ ಎನ್ನಲು ತಂದೆಯ ಹೆಸರಿಗೆ ಷಷ್ಠೀ ಪ್ರತ್ಯಯ ಬೇಕು. ‘ಬಿನ್’ ಎಂದರೆ ಎರಡು ಹೆಸರುಗಳೂ ಇದ್ದಂತೆಯೇ ನಿಲ್ಲುತ್ತವೆ. ಇಂತಹ ಕನ್ನಡವನ್ನು ಕೃತಕವೆಂದು ಹೀಗಳೆಯುವುದುಂಟು. ಹೆಸರನ್ನು ಕಿತ್ತು ಅಂಟಿಸಿದ ‘ರವರಿಗೆ’ಯನ್ನು ನಾನೂ ಮೆಚ್ಚುವುದಿಲ್ಲ. ಆದರೆ ‘ಎಂಬುವರಿಗೆ’ ಒಂದು ಒಳ್ಳೆಯ ಎಂಜಿನಿಯರಿಂಗ್ ಜೋಡಣೆ.

ಈ ಜೋಡಣೆಯ ದೊಡ್ಡ ಪರೀಕ್ಷೆ ನಡೆದದ್ದು ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, 2002ರ ಸುಮಾರಿಗೆ ತಾಲ್ಲೂಕು ಕೇಂದ್ರಗಳಲ್ಲಿ ಅಚ್ಚು ಮಾಡಿಕೊಡತೊಡಗಿದರು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಪಹಣಿಯ ಚೌಕಗಳು ನಮೂನೆ, ಸರ್ವೆ ನಂಬರಿನ ವಿವರ ರೆಕಾರ್ಡ್. ಲೆಕ್ಕಿಗರ ಮರ್ಜಿಗೆ ಕಾಯುವುದು ತಪ್ಪಿತು ಎಂಬುದು ದೊಡ್ಡ ಲಾಭ. ಅದರೊಂದಿಗೆ, ಒಮ್ಮೆ ತಪ್ಪಾಗಿ ನಮೂದಾದ ಹೆಸರು ಪ್ರತಿ ಪ್ರತಿಯಲ್ಲೂ ಹಾಗೆಯೇ ಬರತೊಡಗಿತು. ಬ್ಯಾಂಕಿನಲ್ಲಿ ಸಾಲ ಕೇಳುವ ರೈತನಿಗೆ ಒಂದು ಕೊಂಬು, ಒಂದು ದೀರ್ಘ ಸಣ್ಣ ವಿಷಯವಲ್ಲ. ಅಚ್ಚಾದ ಹಾಳೆಯನ್ನು ತಿದ್ದಿ ಪ್ರಯೋಜನವಿಲ್ಲ, ತಿದ್ದಬೇಕಾದುದು ರೆಕಾರ್ಡನ್ನು. ಅದಕ್ಕೆ ಬೇರೆಯೇ ಅರ್ಜಿ, ಬೇರೆಯೇ ವಿಧಿ.

ಹೆಸರಿನ ಕೋಶಗಳನ್ನು ಹೇಗೆ ಒಡೆಯಬೇಕು ಎಂಬುದೂ ಸ್ಥಳೀಯ ಪ್ರಶ್ನೆಯೇ. ಹೊರಗಿನಿಂದ ಬಂದ ಸಿದ್ಧ ನಮೂನೆಗಳು ಮೊದಲ ಹೆಸರು, ಕುಲನಾಮ ಎಂದು ಎರಡು ಕೋಶ ಬಯಸುತ್ತವೆ. ಊರಿನ, ತಂದೆಯ ಹೆಸರಿನ ಮೊದಲಕ್ಷರಗಳನ್ನು ಮುಂದಿಡುವ ಹಳೆ ಮೈಸೂರಿನವರಿಗೆ ‘ಪ್ರಿಯ ಕೆ.’ ಎಂದು ಪತ್ರ ಬರುವುದು ಇದರಿಂದಲೇ. ಪೂರ್ಣ ಹೆಸರಿಗೆ ಒಂದು ಕೋಶ, ಸಂಬೋಧನೆಗೆ ಇನ್ನೊಂದು ಕೋಶ ಇಟ್ಟರೆ ಸಾಕು.

ವರ್ಡ್‌ನ ಫೀಲ್ಡ್ ಸ್ವಿಚ್ಚುಗಳ ಪಟ್ಟಿಯಲ್ಲಿ ಅಕ್ಷರವನ್ನು ದೊಡ್ಡದು ಮಾಡುವ, ಸಂಖ್ಯೆಯನ್ನು ಇಂಗ್ಲಿಷ್ ಪದಗಳಲ್ಲಿ ಬರೆಯುವ ಸ್ವಿಚ್ಚುಗಳಿವೆ. ಕನ್ನಡದ ವಿಭಕ್ತಿಗೆ ಒಂದೂ ಇಲ್ಲ. ಅಧ್ಯಾಪಕರು ಇದನ್ನು ವಿದ್ಯಾರ್ಥಿಗಳಿಗೆ ಕಿರುಯೋಜನೆಯಾಗಿ ಕೊಡಬಹುದು. ತರಗತಿಯ ಹಾಜರಿ ಪುಸ್ತಕದ ಹೆಸರುಗಳನ್ನೂ ಜಿಲ್ಲೆಯ ಊರುಗಳನ್ನೂ ಪಟ್ಟಿ ಮಾಡಿ, ಒಂದೊಂದರ ಮುಂದೆ ಚತುರ್ಥೀ ರೂಪವನ್ನು ಕೈಯಿಂದ ಬರೆಯಲಿ. ನಂತರ ಕೊನೆಯ ಅಕ್ಷರವನ್ನಷ್ಟೇ ನೋಡುವ ನಿಯಮಗಳನ್ನು ಹರವುಹಾಳೆಯ ಸೂತ್ರಗಳಾಗಿ ಬರೆದು, ಎಷ್ಟು ಕಡೆ ತಪ್ಪಿತೆಂದು ಎಣಿಸಲಿ. ಗಂಡು, ಹೆಣ್ಣು, ಊರು ಎಂಬ ಒಂದು ಕಂಬಸಾಲನ್ನು ಹೊಸದಾಗಿ ಸೇರಿಸಿ ಮತ್ತೆ ಎಣಿಸಲಿ. ಯೂನಿಕೋಡ್‌ನಲ್ಲಿ ಅಕಾರಕ್ಕೆ ಪ್ರತ್ಯೇಕ ಚಿಹ್ನೆ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡಿ: ‘ರಾಮ’ದ ಕೊನೆಯ ಸಂಕೇತ ‘ಮ’, ‘ಲಕ್ಷ್ಮಿ’ಯ ಕೊನೆಯದು ಗುಡಿಸಿನ ಚಿಹ್ನೆ.